ಶೇ. 99.6 ರಿಕವರಿ ಅಂದ್ರೆ ಲಾಸೇ ಇಲ್ಲ ಅಂತಲ್ಲ
ನಿಮ್ಮ ಲೇಖನದಲ್ಲಿ, ನೈಸರ್ಗಿಕ ಅನಿಲದಿಂದ ನೈಟ್ರೋಜನ್ ತೆಗೆಯೋ ಯುನಿಟಲ್ಲಿ ಮೀಥೇನ್ ರಿಕವರಿ (ಒಳಗೆ ಬಂದ ಮೀಥೇನಲ್ಲಿ ಮಾರೋಕೆ ಸಿಗೋ ಪಾಲು) ಶೇ. 99.6 ಇದೆ, ಹಾಗಾಗಿ ನಷ್ಟ ಲೆಕ್ಕಕ್ಕಿಲ್ಲ ಅಂತ ಬರ್ದಿದೀರಲ್ಲ, ಎಡವಿರೋದು ಅಲ್ಲೇ ಸರ್. ದಿನಕ್ಕೆ 10 ಲಕ್ಷ ಘನ ಮೀಟರ್ ಗ್ಯಾಸ್, ಅದ್ರಲ್ಲಿ ಶೇ. 15 ನೈಟ್ರೋಜನ್ ಅನ್ಕೊಳ್ಳಿ, ವೆಂಟಲ್ಲಿ, ಅಂದ್ರೆ ಆ ನೈಟ್ರೋಜನ್ ಗಾಳಿಗೆ ಬಿಡೋ ಚಿಮಣಿಲಿ, ಅದರ ಜೊತೆ ಬರೀ ಶೇ. 2 ಮೀಥೇನ್ ಹೋದ್ರೂ ದಿನಕ್ಕೆ 3 ಸಾವಿರ ಘನ ಮೀಟರ್, ಅಂದ್ರೆ ಹತ್ತಿರ ಹತ್ತಿರ 2 ಟನ್ ಗಾಳಿಪಾಲು. 20 ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ 80 ಪಟ್ಟು ಬಿಸಿ ಏರಿಸುತ್ತೆ, ಗುಣಿಸ್ಕೊಳ್ಳಿ.

ಫ್ಲೇರಲ್ಲಿ (ಬೇಡದ ಗ್ಯಾಸ್ ಸುಡೋ ಚಿಮಣಿಲಿ) ಉರಿಸಿದ್ರಾಯ್ತು ಅಂತೀರಾ? ಶೇ. 2 ಮೀಥೇನ್ ಇರೋ ನೈಟ್ರೋಜನ್ ತಾನಾಗಿ ಹತ್ತಿಕೊಳ್ಳೋದೇ ಇಲ್ಲ, ಮತ್ತೆ ಒಳ್ಳೆ ಗ್ಯಾಸ್ ಸುರೀಬೇಕು.

ನಾನು ವೆಸ್ಟ್ ಟೆಕ್ಸಾಸಲ್ಲಿ ಇಂಥದ್ದೇ ಒಂದು ಪ್ಲಾಂಟಲ್ಲಿ ಶಿಫ್ಟ್ ಮಾಡಿದೀನಿ, ಒಂದು ರಾತ್ರಿ ರಿಫ್ಲಕ್ಸ್ (ಗ್ಯಾಸ್ ಬೇರ್ಪಡಿಸೋ ಗೋಪುರ, ಅಂದ್ರೆ ಕಾಲಂ, ಅದರ ಮೇಲಿಂದ ಬಿಡೋ ದ್ರವ ನೈಟ್ರೋಜನ್) ಕಡಿಮೆ ಆಗಿ ವೆಂಟ್ ಅನಲೈಸರಲ್ಲಿ ಮೀಥೇನ್ ಶೇ. 1.8 ಇದ್ದದ್ದು ಶೇ. 6 ದಾಟ್ತು, ಹೊರಗೆ ಹೋಗಿ ನೋಡಿದ್ರೆ ಚಿಮಣಿ ಮೇಲೆ ಹೊಗೆನೂ ಇಲ್ಲ ವಾಸನೆನೂ ಇಲ್ಲ, ಆರಾಮಾಗಿ ನಕ್ಷತ್ರ ಕಾಣ್ತಿತ್ತು. ಪೈಪ್‌ಲೈನಿಗೆ ಹೋಗೋ ಗ್ಯಾಸ್ ಸ್ಪೆಕ್ ಒಳಗೇ, ಅಂದ್ರೆ ಗುಣಮಟ್ಟದ ಮಿತಿಯಲ್ಲೇ, ಇತ್ತಲ್ಲ, ಬೆಳಗ್ಗೆ ತನಕ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ. ಮಾರೋ ಗ್ಯಾಸಿಗೆ ಅಲಾರಂ ಇತ್ತು, ವೆಂಟಿಗೆ ಇರ್ಲಿಲ್ಲ!

ಇದಕ್ಕೆ ಹೊಸ ಟೆಕ್ನಾಲಜಿನೇ ಬರ್ಬೇಕು ಅಂತಿಲ್ಲ. ಮೀಥೇನ್ ಕುದಿಯೋದು ಮೈನಸ್ 161 ಡಿಗ್ರಿಗೆ, ನೈಟ್ರೋಜನ್ ಮೈನಸ್ 196ಕ್ಕೆ, ಕಾಲಂ ಮೇಲಿಂದ ದ್ರವ ನೈಟ್ರೋಜನ್ ಸಾಕಷ್ಟು ಬಿಟ್ರೆ ಮೀಥೇನ್ ಕೆಳಗೇ ಇಳಿಯುತ್ತೆ. ಆ ದ್ರವಕ್ಕೆ ಕಂಪ್ರೆಸರ್ ಜಾಸ್ತಿ ಓಡಿಸ್ಬೇಕು ಅಷ್ಟೆ, ಆ ಕರೆಂಟ್ ಖರ್ಚಿನ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ.