ಗದ್ದದ ಕೆಳಗಿನ ಹಸಿರು

"ರಾ ಫೈಲ್‌ನಲ್ಲಿ ತೆಗೆಯುತ್ತೇನಲ್ಲ, ವೈಟ್ ಬ್ಯಾಲೆನ್ಸ್ ಆಮೇಲೆ ನೋಡಿಕೊಂಡರಾಯಿತು." ಫೋಟೋ ತೆಗೆಯುವ ಗೆಳೆಯರು ಸೇರಿದಾಗೆಲ್ಲ ಈ ಮಾತು ಬಂದೇ ಬರುತ್ತದೆ. ರಾ ಅಂದರೆ ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಕಚ್ಚಾ ಫೈಲ್, ವೈಟ್ ಬ್ಯಾಲೆನ್ಸ್ ಅಂದರೆ ಬಿಳಿ ಬಿಳಿಯಾಗಿಯೇ ಕಾಣುವ ಹಾಗೆ ಬೆಳಕಿನ ಬಣ್ಣವನ್ನು ಸರಿದೂಗಿಸುವುದು. ಹೊರಗಡೆ ಪೋರ್ಟ್ರೇಟ್ ತೆಗೆಯುವವರಿಗೆ ಇದು ಅರ್ಧ ಸತ್ಯ ಅಷ್ಟೇ.

ಒಂದು ಮಧ್ಯಾಹ್ನ ಗೆಳತಿಯನ್ನು ಮರದ ನೆರಳಲ್ಲಿ, ಹುಲ್ಲಿನ ಮೇಲೆ ಕೂರಿಸಿ ಫೋಟೋ ತೆಗೆದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲ ಚೆನ್ನಾಗೇ ಇತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ಗದ್ದದ ಕೆಳಗೆ, ಕತ್ತಿನ ಮೇಲೆಲ್ಲ ಹಸಿರು. ಹಣೆ ಮತ್ತು ಮೂಗಿನ ತುದಿಯಲ್ಲಿ ತಿಳಿ ನೀಲಿ. ಎಡಿಟ್ ಮಾಡುವಾಗ ಹಸಿರು ಜಾಸ್ತಿ-ಕಡಿಮೆ ಮಾಡುವ ಟಿಂಟ್ ಸ್ಲೈಡರನ್ನು ಮಜೆಂಟಾ (ನೇರಳೆಗೆಂಪು) ಕಡೆ ಎಳೆದೆ. ಕತ್ತು ಸರಿಹೋಯಿತು, ಹಣೆ ನೇರಳೆಗೆ ತಿರುಗಿತು. ವಾಪಸ್ ಎಳೆದರೆ ಮತ್ತೆ ಕತ್ತು ಹಸಿರು. ಯಾಕೆಂದರೆ ಆ ಸ್ಲೈಡರ್ ಇಡೀ ಚಿತ್ರಕ್ಕೆ ಒಂದೇ, ಆದರೆ ಮುಖದ ಮೇಲೆ ಬಿದ್ದಿದ್ದ ಬೆಳಕು ಎರಡು ಬಗೆಯದು, ಮೇಲಿಂದ ಆಕಾಶದ ನೀಲಿ, ಕೆಳಗಿಂದ ಬಿಸಿಲಿಗೆ ಹೊಳೆಯುತ್ತಿದ್ದ ಹುಲ್ಲಿನ ಹಸಿರು. ಮಾಸ್ಕ್ ಹಾಕಿ, ಅಂದರೆ ಚಿತ್ರದ ಒಂದು ಭಾಗವನ್ನು ಆರಿಸಿಕೊಂಡು, ಕತ್ತನ್ನಷ್ಟೇ ತಿದ್ದಬಹುದು, ನಿಜ. ಆದರೆ ನಲವತ್ತು ಫೋಟೋಗೂ ಹಾಗೆ ಮಾಡುತ್ತಾ ಕೂರಬೇಕಾ?

ಮುಂದಿನ ವಾರ ಅದೇ ಮರದ ಹತ್ತಿರ ಹೋಗಿ, ಅವಳನ್ನು ನೆರಳಿನ ಅಂಚಿಗೆ, ಒಣ ಮಣ್ಣಿರುವ ಕಡೆಗೆ ನಾಲ್ಕು ಹೆಜ್ಜೆ ಸರಿಸಿದೆ. ಹಸಿರು ಮಾಯ! ಅವತ್ತಿನಿಂದ ಸೆಟ್ಟಿಂಗ್ ಮುಟ್ಟುವ ಮೊದಲು ಮುಖದ ಸುತ್ತ ಏನಿದೆ ನೋಡುತ್ತೇನೆ. ಪಕ್ಕದಲ್ಲಿ ಬಣ್ಣದ ಗೋಡೆ ಇದ್ದರೆ ಆ ಕಡೆಯ ಕೆನ್ನೆಗೆ ಅದೇ ಬಣ್ಣ ಬಂದು ಕೂರುತ್ತದೆ. ಮರಳು, ಸಿಮೆಂಟ್ ನೆಲ, ಮಾಸಿದ ಬಿಳಿ ಗೋಡೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಜಾಗ ಸರಿಯಾದ ಮೇಲೆ ಆಟೋ ವೈಟ್ ಬ್ಯಾಲೆನ್ಸ್ ಬಳಸಬೇಡಿ, ನೀವೇ ಸೆಟ್ ಮಾಡಿ ಅಂತಲೇ ನಾನು ಹೇಳುವುದು. ಆಟೋ ಪ್ರತಿ ಫ್ರೇಮ್‌ಗೂ ಹೊಸದಾಗಿ ಲೆಕ್ಕ ಹಾಕುತ್ತದೆ. ಹಳದಿ ಬಟ್ಟೆ ಫ್ರೇಮ್ ತುಂಬಿದಾಗ ಒಂದು ಚರ್ಮದ ಬಣ್ಣ, ಬರೀ ಮುಖ ಇದ್ದಾಗ ಇನ್ನೊಂದು. ಅದೇ ವ್ಯಕ್ತಿ, ಅದೇ ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ನಡು ಹಗಲ ಬಿಸಿಲಿಗೆ ಸುಮಾರು 5500 ಕೆಲ್ವಿನ್, ಮೋಡಕ್ಕೆ 6500ರ ಆಸುಪಾಸು, ತೆರೆದ ನೆರಳಿಗೆ (ಮೇಲೆ ಆಕಾಶ ಕಾಣುವ ನೆರಳಿಗೆ) 7000ದಿಂದ 8000 ಇಟ್ಟು ಶುರು ಮಾಡಿ. ಎಷ್ಟೋ ಜನಕ್ಕೆ ಇಲ್ಲೊಂದು ಗೊಂದಲ. ಬೆಳಕಿನ ಕೆಲ್ವಿನ್ ಜಾಸ್ತಿ ಆದಷ್ಟೂ ಅದು ನೀಲಿ, ಆದರೆ ಕ್ಯಾಮೆರಾದಲ್ಲಿ ಕೆಲ್ವಿನ್ ಜಾಸ್ತಿ ಮಾಡಿದರೆ ಫೋಟೋ ಹಳದಿ ಆಗುತ್ತದೆ, ಆ ನೀಲಿಯನ್ನು ಸರಿದೂಗಿಸಲು ಅದು ಹಳದಿ ಸೇರಿಸುತ್ತದೆ ಅಷ್ಟೇ. ಜೆಪಿಇಜಿಯಲ್ಲಿ (ಕ್ಯಾಮೆರಾ ತಾನೇ ಸಂಸ್ಕರಿಸಿ, ಕುಗ್ಗಿಸಿ ಕೊಡುವ ಫೈಲ್‌ನಲ್ಲಿ) ತೆಗೆಯುವವರಂತೂ ಇದನ್ನು ಅಲ್ಲೇ ಸರಿ ಮಾಡಿಕೊಳ್ಳಬೇಕು, ಆಮೇಲೆ ಎಳೆದಾಡಲು ಅದರಲ್ಲಿ ಜಾಗ ಕಡಿಮೆ.

ಗ್ರೇ ಕಾರ್ಡ್, ಅಂದರೆ ಬೆಳಕಿನ ಬಣ್ಣ ಅಳೆಯಲು ಬಳಸುವ ಬೂದು ಬಣ್ಣದ ಕಾರ್ಡ್, ಇದ್ದರೆ ಇನ್ನೂ ಒಳ್ಳೆಯದು. ಮುಖದ ಪಕ್ಕದಲ್ಲೇ, ಮುಖ ಯಾವ ಕಡೆ ತಿರುಗಿದೆಯೋ ಅದೇ ಕಡೆಗೆ ಹಿಡಿಯಬೇಕು. ಆಕಾಶಕ್ಕೆ ಓರೆ ಮಾಡಿ ಹಿಡಿದರೆ ಅದು ಆಕಾಶದ ನೀಲಿಯನ್ನೇ ಜಾಸ್ತಿ ಅಳೆಯುತ್ತದೆ. ಕಾರ್ಡ್ ಬದಲು ಬಿಳಿ ಹಾಳೆ ಹಿಡಿಯಬೇಡಿ. ಹಾಳೆ ಬೆಳ್ಳಗೆ ಕಾಣಲಿ ಅಂತ ಹಾಕಿದ ರಾಸಾಯನಿಕ ಬಿಸಿಲಲ್ಲಿ ನೀಲಿಯಾಗಿ ಹೊಳೆಯುತ್ತದೆ, ಅದನ್ನು ನಂಬಿದ ಕ್ಯಾಮೆರಾ ಮುಖವನ್ನು ಹಳದಿ ಮಾಡುತ್ತದೆ.

ಇನ್ನೊಂದು ವಿಷಯ ನನಗೆ ನಿಜಕ್ಕೂ ನೋವು ಕೊಡುತ್ತದೆ. ಕಂದು ಮೈಬಣ್ಣದವರು ಬೆಳ್ಳಗೆ ಕಾಣಲಿ ಅಂತ ಎಡಿಟ್‌ನಲ್ಲಿ ಟೆಂಪರೇಚರ್ (ಅದೇ ಕೆಲ್ವಿನ್ ಸ್ಲೈಡರ್) ನೀಲಿ ಕಡೆಗೆ ಇಳಿಸುತ್ತಾರೆ. ಮುಖ ಬೂದಿ ಬಳಿದ ಹಾಗಾಗುತ್ತದೆ. ಆ ಚರ್ಮದಲ್ಲಿರುವ ಕೆಂಪು, ಜೇನಿನಂಥ ಹೊಳಪು ಎಲ್ಲ ಹೊರಟುಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಸಂಜೆ ಮಾತ್ರ ನಾನು ಗ್ರೇ ಕಾರ್ಡ್ ಹೊರಗೆ ತೆಗೆಯುವುದೇ ಇಲ್ಲ. ಆ ಹೊತ್ತಿನ ಬಂಗಾರದ ಬೆಳಕನ್ನು ಅಳೆದು ಸರಿ ಮಾಡಿದರೆ ಉಳಿಯುವುದು ಸಪ್ಪೆ ಮಧ್ಯಾಹ್ನ, ಅಲ್ವಾ? ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ (ಹಗಲ ಬಿಸಿಲಿನ ಸೆಟ್ಟಿಂಗ್‌ಗೆ) ಇಟ್ಟು, ಸೂರ್ಯ ಮುಳುಗುವವರೆಗೂ ಸುಮ್ನೆ ತೆಗೆಯುತ್ತಾ ಹೋಗುತ್ತೇನೆ.