ಹುಲಿರಾಯರಿಗೊಂದು ಕಾರಣ ಕೇಳುವ ನೋಟಿಸು

ಬಂಡೀಪುರದ ಸಫಾರಿ ಬಸ್ಸಿನಿಂದ ಇಳಿಯುವವರ ಮುಖ ಕಂಡವರು, ಇವರೆಲ್ಲ ಯಾವುದೋ ಸಾವಿನ ಮನೆಯಿಂದ ಬರುತ್ತಿದ್ದಾರೆಂದೇ ತಿಳಿಯಬೇಕು. ಕಳೆದ ಬೇಸಿಗೆಯಲ್ಲಿ ಆ ಗುಂಪಿನಲ್ಲಿ ನಾನೂ ಇದ್ದೆ. ಮರಿಯನ್ನು ಕಾಲುಗಳ ನಡುವೆ ಮರೆಮಾಡಿಕೊಂಡು ದಾರಿ ದಾಟಿದ ಆನೆಗಳ ಹಿಂಡು, ಬಿಳಿಯ ಕಾಲುಚೀಲ ತೊಟ್ಟಂತೆ ನಿಂತಿದ್ದ ಕಾಟಿ, ಕೆರೆಯಂಚಿನಲ್ಲಿ ನೀರು ಕುಡಿಯುತ್ತಿದ್ದ ಸೀಳುನಾಯಿಗಳು, ಇಷ್ಟನ್ನೂ ಕಣ್ಣಾರೆ ಕಂಡ ಮಹನೀಯರೊಬ್ಬರು ಗೇಟಿನ ಬಳಿ ಫೋನು ಕಿವಿಗಿಟ್ಟು, "ಏನೂ ಕಾಣಲಿಲ್ಲ ಕಣೇ, ದುಡ್ಡು ದಂಡ" ಎಂದು ಮನೆಗೆ ವರದಿ ಒಪ್ಪಿಸಿದರು.

ಅವರ ದೂರಿನಲ್ಲಿ ನ್ಯಾಯವಿದೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದಾದ್ದರಿಂದ, ಇಲ್ಲಿನ ಹುಲಿಯ ವಂಶಕ್ಕೆ ಅರ್ಧ ಶತಮಾನ ಮೀರಿದ ಸೇವಾವಧಿಯಿದೆ. 2022ರ ಗಣತಿಯ ಪ್ರಕಾರ ರಾಜ್ಯದಲ್ಲಿ 563 ಹುಲಿಗಳಿವೆ. ಇಷ್ಟು ಸಿಬ್ಬಂದಿಯಿದ್ದೂ ಸಂಜೆ ನಾಲ್ಕರ ಪಾಳಿಗೆ ಒಬ್ಬರೂ ಸ್ಥಳದಲ್ಲಿಲ್ಲವೆಂದರೆ ಏನರ್ಥ? ಕುರ್ಚಿಗೆ ಕೋಟು ನೇತುಹಾಕಿ ಕಾಫಿಗೆ ಹೋಗುವ ಗುಮಾಸ್ತರ ಹಾಗೆ, ಇವರೂ ಧೂಳಿನಲ್ಲೊಂದು ಹೆಜ್ಜೆ ಗುರುತು ಬಿಟ್ಟು ಹೋಗಿರುತ್ತಾರೆ. "ಈಗಷ್ಟೇ ದಾಟಿದೆ ಸಾರ್" ಎಂದು ಚಾಲಕರು ಅದನ್ನೇ ತೋರಿಸುತ್ತಾರೆ.

ಹಾಜರಿ ಹಿಡಿಯುವುದು ಕಷ್ಟವೇನಲ್ಲ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ; ಮರಕ್ಕೆ ಕಟ್ಟಿದ ಕ್ಯಾಮೆರಾಗಳು ಆ ಪಟ್ಟೆಗಳಿಂದಲೇ ಒಂದೊಂದನ್ನೂ ಗುರುತಿಸುತ್ತವೆ. ಬೆರಳಚ್ಚು ಹೇಗೂ ದಾಖಲಾಗಿರುವಾಗ, ಅದನ್ನು ಟಿಕೆಟ್ ಕೌಂಟರಿಗೆ ಜೋಡಿಸುವುದೊಂದೇ ಬಾಕಿ.

ನೋಟಿಸಿಗೆ ಹುಲಿರಾಯರು ಕೊಡಬಹುದಾದ ಉತ್ತರವನ್ನೂ ಊಹಿಸಬಹುದು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಈ ಕಾಡಿನ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ನಿಷೇಧವಿರುವುದರಿಂದ, ತಮ್ಮದು ರಾತ್ರಿ ಪಾಳಿಯೆಂದೇ ಸರ್ಕಾರ ಗೊತ್ತುಮಾಡಿದೆಯೆಂದು ಅವರು ವಾದಿಸಿಯಾರು. ಹನ್ನೊಂದಕ್ಕೆ ರೂಮು ಖಾಲಿ ಮಾಡಬೇಕಾದವರ ಮುಂದೆ ಈ ವಾದ ನಿಲ್ಲದು.

ಆದರೆ ಅಂದಿನ ಒಂದು ಸಂಗತಿಯನ್ನು ವಿಚಾರಣಾಧಿಕಾರಿಗಳ ಗಮನಕ್ಕೆ ತರಲೇಬೇಕು. ಲಂಟಾನ ಪೊದೆಗಳ ಆಚೆ ಕಡವೆಯೊಂದು ಕೂಗಿದ ಕೂಡಲೇ ಚಾಲಕರು ಎಂಜಿನ್ ನಿಲ್ಲಿಸಿ, ತುಟಿಯ ಮೇಲೆ ಬೆರಳಿಟ್ಟರು. ಕಡವೆ ಎರಡನೆಯ ಸಲ ಕೂಗುವಷ್ಟರಲ್ಲಿ ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣ ಪರ್ರನೆ ಹರಿಯಿತು, ಯಾರದೋ ಜೇಬಿನಲ್ಲಿ ಸುಪ್ರಭಾತ ಮೊಳಗಿತು, ಇಡೀ ಬಸ್ಸು "ಎಲ್ಲಿ? ಎಲ್ಲಿ?" ಎಂದು ಎಡಗಡೆಗೆ ವಾಲಿತು. ಪೊದೆ ಒಮ್ಮೆ ಅಲುಗಿ ಸುಮ್ಮನಾಯಿತು. ಚಾಲಕರು ಮಾತಿಲ್ಲದೆ ಬಸ್ಸು ಹೊರಡಿಸಿದರು.

ಗುಂಡ್ಲುಪೇಟೆಯ ಹಾದಿಯಲ್ಲಿ ನಾವು ಊಟಕ್ಕೆ ನಿಂತ ಹೋಟೆಲಿನ ಅಂಗಳದಲ್ಲಿ, ಒಂದು ಕಿವಿ ಮುಕ್ಕಾದ ಸಿಮೆಂಟಿನ ಹುಲಿಯಿತ್ತು. ಮಹನೀಯರು ಅದರ ಬೆನ್ನೇರಿ ಏಳೆಂಟು ಫೋಟೋ ತೆಗೆಸಿಕೊಂಡರು. ಅದು ಬಾಯಿ ತೆರೆದುಕೊಂಡು, ಕೊನೆಯ ಫೋಟೋದವರೆಗೂ ಕರ್ತವ್ಯದಲ್ಲಿ ನಿಂತೇ ಇತ್ತು.