ಬೆನ್ ಹಂಟ್ ಕೈಯಿಂದ ಜಾರಿದ ಆ ಚೆಂಡು

ಒಂದೇ ಒಂದು ತಪ್ಪಿಗೆ ಒಬ್ಬ ಆಟಗಾರನನ್ನು ಹತ್ತು ವರ್ಷ ಆಡಿಕೊಳ್ಳುವುದು ನನಗೆ ಸಹಿಸಲಾಗದ ವಿಷಯ. ಅದಕ್ಕೇ ಆಸ್ಟ್ರೇಲಿಯಾದ ರಗ್ಬಿ ಲೀಗ್ ಆಟಗಾರ ಬೆನ್ ಹಂಟ್ ಬಗ್ಗೆ ಬರೆಯುತ್ತಿದ್ದೇನೆ.

ರಗ್ಬಿ ಲೀಗ್ ನಮ್ಮ ಕಡೆ ಜಾಸ್ತಿ ಜನ ನೋಡುವ ಆಟ ಅಲ್ಲ. ತಂಡಕ್ಕೆ 13 ಜನ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹೆಚ್ಚುಕಮ್ಮಿ ಕಬಡ್ಡಿಯಲ್ಲಿ ಹಿಡಿಯುವ ಹಾಗೆಯೇ ಹಿಡಿದು ಕೆಡವುತ್ತಾರೆ. ಆರು ಸಲ ಕೆಡವಿದರೆ ಚೆಂಡು ಅವರ ಪಾಲು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರಿದರೆ ನಾಲ್ಕು ಅಂಕ, ಜೊತೆಗೆ ಕಂಬಗಳ ನಡುವೆ ಒದೆಯಲು ಒಂದು ಅವಕಾಶ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಇದರ ಹುಚ್ಚು ಎಷ್ಟೆಂದರೆ, ನಮ್ಮಲ್ಲಿ ಕ್ರಿಕೆಟ್‌ಗೆ ಇರುವಷ್ಟು.

2015ರ ಅಕ್ಟೋಬರ್ 4. ಸಿಡ್ನಿಯಲ್ಲಿ ಅಲ್ಲಿನ ದೊಡ್ಡ ಲೀಗ್ ಎನ್‌ಆರ್‌ಎಲ್‌ನ ಫೈನಲ್. ಹಂಟ್ ಆಡುತ್ತಿದ್ದ ಬ್ರಿಸ್ಬೇನ್ ಬ್ರಾಂಕೋಸ್ 16-12ರಿಂದ ಮುಂದಿತ್ತು. ಇನ್ನೇನು ಕಪ್ ಕೈಗೆ ಬಂತು ಅನ್ನುವಾಗ ಕೌಬಾಯ್ಸ್ ತಂಡದ ಕೈಲ್ ಫೆಲ್ಟ್ ಮೂಲೆಯಲ್ಲಿ ಚೆಂಡು ಊರಿಬಿಟ್ಟ. 16-16. ಗೆಲುವಿಗಾಗಿ ಅದೇ ತಂಡದ ಜೊನಾಥನ್ ಥರ್ಸ್ಟನ್ ಒದ್ದ ಚೆಂಡು ಕಂಬಕ್ಕೆ ಬಡಿದು ವಾಪಸ್ ಬಂತು. ಉಳಿದದ್ದು ಗೋಲ್ಡನ್ ಪಾಯಿಂಟ್. ಮೊದಲು ಅಂಕ ಪಡೆದವರೇ ಗೆದ್ದಂತೆ.

ಕಿಕ್‌ಆಫ್ ಹಂಟ್ ಕಡೆಗೇ ಬಂತು. ಆ ವಿಡಿಯೋ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಅವನು ಚೆಂಡಿನ ಕೆಳಗೇ ನಿಂತಿದ್ದ. ಚೆಂಡು ಕೈಗೆ ಬಂತು, ಜಾರಿತು, ನೆಲಕ್ಕೆ ಬಿತ್ತು. ಅಷ್ಟೇ. ಚೆಂಡು ಕೌಬಾಯ್ಸ್ ಪಾಲಾಯಿತು. ಸ್ವಲ್ಪ ಹೊತ್ತಿಗೆ ಥರ್ಸ್ಟನ್ ಒದ್ದ ಫೀಲ್ಡ್ ಗೋಲ್ (ಆಟದ ನಡುವೆಯೇ ಕಂಬಗಳ ಮಧ್ಯೆ ಒದೆಯುವುದು, ಒಂದು ಅಂಕ) ಒಳಗೆ ಹೋಯಿತು. 17-16.

ಕಬಡ್ಡಿಯಲ್ಲಿ ಒಂದು ರೇಡ್ ಕೈಕೊಟ್ಟರೆ ಮುಂದಿನ ರೇಡ್‌ನಲ್ಲಿ ಸರಿ ಮಾಡಿಕೊಳ್ಳಬಹುದು. ಗೋಲ್ಡನ್ ಪಾಯಿಂಟ್‌ನಲ್ಲಿ ಆ ಅವಕಾಶವೇ ಇಲ್ಲ. ಇನ್ನೊಂದು ಮಾತು. ಕೊನೇ ಗಳಿಗೆಯಲ್ಲಿ ಫೆಲ್ಟ್‌ನನ್ನು ತಡೆಯಲಾಗದೆ ಹೋದದ್ದು ಇಡೀ ತಂಡ, ಅಲ್ವಾ? ಸೋಲಿನ ಹೊರೆ ಮಾತ್ರ ಒಬ್ಬನ ತಲೆ ಮೇಲೆ ಬಿತ್ತು. ಅದು ಅನ್ಯಾಯ. ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

2018ರಲ್ಲಿ ಅವನು ಸೇಂಟ್ ಜಾರ್ಜ್ ಇಲ್ಲವಾರಾ ಡ್ರಾಗನ್ಸ್‌ಗೆ ಹೋದ. ದೊಡ್ಡ ಸಂಬಳ, ಅದಕ್ಕೆ ತಕ್ಕಷ್ಟು ಬೈಗುಳ. ಏಳು ಸೀಸನ್‌ನಲ್ಲಿ ಆ ತಂಡ ಪ್ಲೇಆಫ್ ಮುಟ್ಟಿದ್ದು ಮೊದಲ ವರ್ಷ ಮಾತ್ರ. 2023ರಲ್ಲಿ ‘ನನ್ನನ್ನು ಬಿಟ್ಟುಬಿಡಿ’ ಎಂದು ಕೇಳಿಕೊಂಡ. ಕ್ಲಬ್ ಬಿಡಲಿಲ್ಲ. ಸುಮ್ನೆ ಮತ್ತೆ ಆಡಿದ.

ಅದರ ನಡುವೆ 2022ರ ಸ್ಟೇಟ್ ಆಫ್ ಒರಿಜಿನ್ ಬಂತು, ಅಂದರೆ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಮೂರು ಪಂದ್ಯಗಳ ಸರಣಿ. ಹಂಟ್ ಕ್ವೀನ್ಸ್‌ಲ್ಯಾಂಡ್ ಕಡೆ. ಸರಣಿ 1-1. ಬ್ರಿಸ್ಬೇನ್‌ನಲ್ಲಿ ಕೊನೇ ಪಂದ್ಯ, ಮುಗಿಯಲು ಇನ್ನು ಸ್ವಲ್ಪವೇ ಬಾಕಿ. ಎದುರಾಳಿ ನೇಥನ್ ಕ್ಲಿಯರಿ ಒದ್ದ ಚೆಂಡನ್ನು ಹಂಟ್ ಅಡ್ಡಗಟ್ಟಿದ. ಈ ಸಲ ಚೆಂಡು ಕೈಬಿಡಲಿಲ್ಲ. ಎದುರಿಗೆ ಖಾಲಿ ಮೈದಾನ. ಓಡಿದ, ಓಡಿದ, ಗೆರೆ ದಾಟಿ ಊರಿದ. ಕ್ವೀನ್ಸ್‌ಲ್ಯಾಂಡ್ 22-12. ನನಗೆ ಕಣ್ಣು ಒದ್ದೆಯಾಗಿತ್ತು.

2025ರಲ್ಲಿ ಬ್ರಾಂಕೋಸ್‌ಗೆ ವಾಪಸ್ ಬಂದ. 35 ವರ್ಷ. ಆ ವಯಸ್ಸಿಗೆ ಈ ಆಟದಲ್ಲಿ ಹೆಚ್ಚಿನವರ ಮೊಣಕಾಲು, ಭುಜ ಎರಡೂ ಕೈಕೊಟ್ಟಿರುತ್ತವೆ. ಅಕ್ಟೋಬರ್ 5, ಭಾನುವಾರ. ಮತ್ತೆ ಫೈನಲ್. ಊಟ ಮುಗಿಸಿ ಮಧ್ಯಾಹ್ನ ಎರಡಕ್ಕೆ ಫೋನ್ ಹಿಡಿದು ಕೂತೆ. ಅದೇ ಸಿಡ್ನಿ, ಅದೇ ಮೈದಾನ. ಅರ್ಧ ಆಟ ಮುಗಿದಾಗ ಮೆಲ್ಬರ್ನ್ ಸ್ಟಾರ್ಮ್ ಮುಂದಿತ್ತು. ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದೆ. ಕೊನೆಗೆ 26-22, ಬ್ರಾಂಕೋಸ್ ಗೆದ್ದರು. 2006ರ ನಂತರ ಅವರಿಗೆ ಮೊದಲ ಕಪ್. ಹಂಟ್‌ಗೆ ಜೀವನದಲ್ಲೇ ಮೊದಲನೆಯದು.

ಈಗಲೂ ಯಾರಾದರೂ ಆ 2015ರ ವಿಡಿಯೋ ಶೇರ್ ಮಾಡಿದರೆ, ಅದರ ಕೆಳಗೆ ಇಷ್ಟೇ ಬರೆಯುತ್ತೇನೆ: 26-22.